ಹಳೆಯ ನೆಟ್‌ವರ್ಕ್ ಕಾರ್ಡುಗಳೂ ಲಿನಕ್ಸ್ ವ್ಯವಸ್ಥೆಯೂ: ಬಸವಕಲ್ಯಾಣ, ಹುಮನಾಬಾದುಗಳ ಪ್ರಯೋಗಶಾಲೆಗಳನ್ನು ಕುರಿತು

ಬಸವಕಲ್ಯಾಣ, ಹುಮನಾಬಾದು ಪಟ್ಟಣಗಳಲ್ಲಿ ನಾವು ನೋಡಿದ ಕಾಲೇಜುಗಳ ಕಂಪ್ಯೂಟರು ಪ್ರಯೋಗಶಾಲೆಗಳಲ್ಲಿ ಯಂತ್ರಗಳು ಒಂದೇ ವರ್ಷದಲ್ಲಿ, ಒಂದೇ ಅನುದಾನದಿಂದ ಬಂದವುಗಳಲ್ಲ. ಒಂದು ಸಾಲು ಯಾವುದೋ ಯೋಜನೆಯಲ್ಲಿ ಬಂದುದು, ಮತ್ತೊಂದು ಸಾಲು ದಾನವಾಗಿ ದೊರೆತುದು, ಉಳಿದವು ಸಿಕಂದರಾಬಾದಿನ ಚಿನಾಯ್ ಟ್ರೇಡ್ ಸೆಂಟರಿನ ಅಂಗಡಿಗಳಿಂದ ಬಿಡಿಭಾಗಗಳನ್ನು ತಂದು ಜೋಡಿಸಿದವು. ಈ ಭಾಗದವರಿಗೆ ಬೆಂಗಳೂರಿಗಿಂತ ಹೈದರಾಬಾದು ಬಹಳ ಸಮೀಪವಾದುದರಿಂದ ಇದು ಸಹಜವೇ ಆಗಿದೆ. ಇವುಗಳ ಜೊತೆಗೆ, ಗೋಡೆಯ ಬದಿಗೆ ಸರಿಸಿ ಬಟ್ಟೆ ಹೊದಿಸಿಟ್ಟ ಕೆಲವು ಯಂತ್ರಗಳೂ ಇರುತ್ತವೆ. ಅವುಗಳ ಮೇಲಿರುವ ಆರೋಪ ಒಂದೇ: ‘ಇದಕ್ಕೆ ನೆಟ್ ಬರುವುದಿಲ್ಲ.’

ಈ ಆರೋಪವು ಮುಂದೆ ವಿಲೇವಾರಿ ಪಟ್ಟಿಗೆ ದಾರಿಯಾಗುತ್ತದೆ. ಯಂತ್ರಗಳು ಕಡಿಮೆಯಾದಂತೆ ಒಂದೊಂದರ ಮುಂದೆ ಮೂವರು ವಿದ್ಯಾರ್ಥಿಗಳು ಕುಳಿತುಕೊಳ್ಳಬೇಕಾಗುತ್ತದೆ. ಒಬ್ಬನು ಕೀಲಿಮಣೆಯನ್ನು ಒತ್ತುತ್ತಾನೆ, ಇನ್ನೊಬ್ಬನು ಹೇಳಿಕೊಡುತ್ತಾನೆ, ಮೂರನೆಯವನು ನೋಡಿ ಎದ್ದುಹೋಗುತ್ತಾನೆ. ಆ ಮೂರನೆಯ ವಿದ್ಯಾರ್ಥಿಯ ದೃಷ್ಟಿಯಿಂದ ನೋಡಿದರೆ ಈ ಲೇಖನದ ವಿಷಯವು ಸಂಶೋಧನ ಸಂಚಿಕೆಗೆ ಅಲ್ಪವಾದುದೆಂದು ವಾಚಕರಿಗೆ ತೋರಲಾರದೆಂದು ನಂಬಿದ್ದೇವೆ.

ನೆಟ್‌ವರ್ಕ್ ಕಾರ್ಡಿನ ಕಾರ್ಯವು ತತ್ತ್ವತಃ ಸರಳವಾದುದು. ಸ್ಮೃತಿಯಲ್ಲಿ ಸಿದ್ಧವಾಗಿರುವ ದತ್ತಾಂಶದ ಕಟ್ಟುಗಳನ್ನು ತಂತಿಯ ಮೇಲೆ ವಿದ್ಯುತ್ಸಂಕೇತಗಳಾಗಿ ಹರಿಯಬಿಡುವುದು, ತಂತಿಯಿಂದ ಬಂದವುಗಳಲ್ಲಿ ತನ್ನ 48 ಬಿಟ್‌ಗಳ ವಿಳಾಸವನ್ನು ಹೊತ್ತವನ್ನು ಆರಿಸಿ ಸ್ಮೃತಿಗೆ ಒಪ್ಪಿಸುವುದು, ಒಪ್ಪಿಸಿದ ಮೇಲೆ ಸಂಸ್ಕಾರಕಕ್ಕೆ ಸುದ್ದಿ ಮುಟ್ಟಿಸುವುದು. 1973ರಲ್ಲಿ ಜೆರಾಕ್ಸ್ ಸಂಸ್ಥೆಯ ಸಂಶೋಧನಾಲಯದಲ್ಲಿ ಹುಟ್ಟಿ 1983ರಲ್ಲಿ ಮಾನಕವಾಗಿ ಪ್ರಕಟವಾದ ಈಥರ್‌ನೆಟ್ ಪದ್ಧತಿಯು ತಂತಿಯ ಮೇಲಿನ ನಡೆನುಡಿಯನ್ನು ಎಲ್ಲ ತಯಾರಕರಿಗೂ ಒಂದೇ ಆಗುವಂತೆ ಮಾಡಿತು. ಆದರೆ ಕಾರ್ಡಿಗೂ ಯಂತ್ರಕ್ಕೂ ನಡುವಣ ನಡೆನುಡಿಯನ್ನು ಅದು ವಿಧಿಸಲಿಲ್ಲ. ಯಾವ ರಿಜಿಸ್ಟರಿನಲ್ಲಿ ಯಾವ ಅಂಕಿಯನ್ನು ಬರೆದರೆ ಕಾರ್ಡು ಎಚ್ಚರಗೊಳ್ಳುವುದು, ಬಂದ ಕಟ್ಟನ್ನು ಎಲ್ಲಿಂದ ಎತ್ತಿಕೊಳ್ಳಬೇಕು ಎಂಬುದನ್ನು ಪ್ರತಿಯೊಬ್ಬ ತಯಾರಕನೂ ತನ್ನಿಷ್ಟದಂತೆ ನಿರ್ಧರಿಸಿದನು. ಬಸವಕಲ್ಯಾಣದ ಪೇಟೆಯಲ್ಲಿ ಕನ್ನಡ, ಮರಾಠಿ, ದಖನಿ ಉರ್ದು ಮೂರೂ ಕೇಳಿಬರುವುದನ್ನು ಬಲ್ಲ ವಾಚಕರಿಗೆ ದುಭಾಷಿಯ ಉಪಮಾನವು ಹಿಡಿಸೀತು. ಕಾರ್ಯಾಚರಣ ವ್ಯವಸ್ಥೆಗೂ ಕಾರ್ಡಿಗೂ ನಡುವೆ ನಿಂತು ಮಾತನ್ನು ದಾಟಿಸುವ ಈ ದುಭಾಷಿಗೆ ವಾಡಿಕೆಯಲ್ಲಿ ಡ್ರೈವರು ಎಂದು ಹೆಸರು.

ಕಾರ್ಡು ಕೆಟ್ಟಿರುವುದು ಬೇರೆ, ದುಭಾಷಿ ಇಲ್ಲದಿರುವುದು ಬೇರೆ. ಹಳೆಯ ಕಾರ್ಡುಗಳ ವಿಚಾರದಲ್ಲಿ ಬಹುಮಟ್ಟಿಗೆ ಎರಡನೆಯದೇ ನಿಜವಾದ ಸಂಗತಿ. ತಯಾರಕನು ತನ್ನ ಡ್ರೈವರನ್ನು ಅಂದಿನ ವಿಂಡೋಸಿಗಾಗಿ ಒಂದು ಮುದ್ರಿಕೆಯಲ್ಲಿ ಕೊಟ್ಟನು. ಅದರ ಆಕರಸಂಕೇತವನ್ನು ಕೊಡಲಿಲ್ಲ. ಕಾಲಾಂತರದಲ್ಲಿ ವಿಂಡೋಸು ಬದಲಾಯಿತು, ತಯಾರಕನು ಆ ಸರಕನ್ನೇ ಕೈಬಿಟ್ಟನು, ಮುದ್ರಿಕೆಯೂ ಕಳೆದುಹೋಯಿತು. ಕಾರ್ಡು ಮಾತ್ರ ಮೊದಲಿನಂತೆಯೇ ಇದೆ. 1991ರಲ್ಲಿ ಲೀನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಕರ್ನೆಲ್ಲಿನಲ್ಲಾದರೋ ಡ್ರೈವರುಗಳು ಆಕರಸಂಕೇತದ ರೂಪದಲ್ಲಿ ಕರ್ನೆಲ್ಲಿನ ಅಂಗವಾಗಿಯೇ ಇರುತ್ತವೆ. ಕರ್ನೆಲ್ಲಿನ ಒಳವ್ಯವಸ್ಥೆಯನ್ನು ಮಾರ್ಪಡಿಸುವವರು ಅದನ್ನು ಅವಲಂಬಿಸಿದ ಡ್ರೈವರುಗಳನ್ನೂ ತಿದ್ದಿಡುವುದು ಅಲ್ಲಿಯ ರೂಢಿ. ಆದುದರಿಂದ ತಯಾರಕನು ಮರೆತ ಕಾರ್ಡನ್ನು ಕರ್ನೆಲ್ಲು ಮರೆಯದೆ ಇರಲು ಸಾಧ್ಯವಾಗಿದೆ.

ಈ ಡ್ರೈವರುಗಳ ಹುಟ್ಟು ಕೂಡ ಬಡತನದಿಂದಲೇ ಆದುದೆಂಬುದು ನಮ್ಮ ಓದುಗರಿಗೆ ಸ್ವಾರಸ್ಯವಾಗಿ ಕಾಣಬಹುದು. ಅಮೆರಿಕದ ನಾಸಾ ಸಂಸ್ಥೆಯ ಗೊಡ್ಡಾರ್ಡ್ ಕೇಂದ್ರದಲ್ಲಿ 1994ರಲ್ಲಿ ಥಾಮಸ್ ಸ್ಟರ್ಲಿಂಗ್ ಮತ್ತು ಡೊನಾಲ್ಡ್ ಬೆಕರ್ ಅವರು ಬೆಲೆಬಾಳುವ ಮಹಾಯಂತ್ರಕ್ಕೆ ಬದಲಾಗಿ 16 ಸಾಧಾರಣ ಯಂತ್ರಗಳನ್ನು ಈಥರ್‌ನೆಟ್ಟಿನಿಂದ ಬೆಸೆದು ‘ಬೇವುಲ್ಫ್’ ಎಂಬ ಗಣಕಸಮೂಹವನ್ನು ಕಟ್ಟಿದರು. ಅಗ್ಗದ ಕಾರ್ಡುಗಳಿಂದ ಹೆಚ್ಚಿನ ಕೆಲಸ ತೆಗೆಯಬೇಕಾಗಿದ್ದ ಆ ಕಾಲದಲ್ಲಿ ಬೆಕರ್ ಅವರು ಲಿನಕ್ಸಿಗಾಗಿ ಬರೆದ ಅನೇಕ ಈಥರ್‌ನೆಟ್ ಡ್ರೈವರುಗಳು ಮುಂದಿನವರ ಕೈಯಲ್ಲಿ ತಿದ್ದುಪಡಿಗೊಳ್ಳುತ್ತ ಬಂದಿವೆ. ಭಾರತದಲ್ಲಿ ಲಿನಕ್ಸ್ ಹರಡಿದ್ದು ಮತ್ತೊಂದು ಬಗೆಯಲ್ಲಿ. 1996ರಲ್ಲಿ ‘ಪಿಸಿ ಕ್ವೆಸ್ಟ್’ ಪತ್ರಿಕೆಯು ಲಿನಕ್ಸಿನ ಅಡಕಮುದ್ರಿಕೆಯನ್ನು ತನ್ನ ಓದುಗರಿಗೆ ಹಂಚಿತು. ಇದರ ಮುಂದಾಳಾಗಿದ್ದವರು ಬೆಂಗಳೂರಿನ ಅತುಲ್ ಚಿಟ್ನಿಸ್ (ಇವರು 2013ರಲ್ಲಿ ತೀರಿಕೊಂಡರು). ಇಂಟರ್‌ನೆಟ್ಟಿನ ಸಂಪರ್ಕವಿಲ್ಲದ ಊರುಗಳಿಗೆ ಅಂದು ಅಂಚೆಯ ಚೀಲವೇ ಜಾಲವಾಗಿತ್ತೆಂದು ಹೇಳಿದರೆ ತಪ್ಪಾಗದು.

ಇನ್ನು ಪ್ರಕೃತ ವಿಷಯಕ್ಕೆ ಬರೋಣ. ಬಸವಕಲ್ಯಾಣದಲ್ಲಿ ನಾವು ಪರೀಕ್ಷಿಸಿದ ಯಂತ್ರಗಳಲ್ಲಿದ್ದವು ಹೆಚ್ಚಾಗಿ ಪಿಸಿಐ ಗಾಡಿಗೆ ಸಿಕ್ಕಿಸುವ, ಸೆಕೆಂಡಿಗೆ 100 ಮೆಗಾಬಿಟ್ ವೇಗದ ಕಾರ್ಡುಗಳು. ಇಲ್ಲಿ ಮೊದಲು ಮನದಟ್ಟು ಮಾಡಿಕೊಳ್ಳಬೇಕಾದುದು ಪೆಟ್ಟಿಗೆಯ ಮೇಲಿನ ಹೆಸರನ್ನು ನಂಬಬಾರದೆಂಬುದು. ಕಾರ್ಡಿನ ಗುಣವು ಅದರ ಮೇಲಿನ ಚಿಪ್ಪನ್ನು ಅವಲಂಬಿಸಿದೆಯೇ ಹೊರತು ಮಾರಿದವರ ಹೆಸರನ್ನಲ್ಲ. ಡಿ-ಲಿಂಕ್ ಹೆಸರಿನ ಡಿಎಫ್‌ಇ-530ಟಿಎಕ್ಸ್ ಎಂಬ ಕಾರ್ಡಿನಲ್ಲಿ ವಿಐಎ ಸಂಸ್ಥೆಯ ರೈನ್ ಚಿಪ್ ಇದೆ. ಅದೇ ಹೆಸರಿನ ಕೊನೆಗೆ ಒಂದು ಸಂಕಲನ ಚಿಹ್ನೆಯನ್ನು ಸೇರಿಸಿ ಮಾರಿದ ಮತ್ತೊಂದು ಕಾರ್ಡಿನಲ್ಲಿರುವುದು ರಿಯಲ್‌ಟೆಕ್ 8139 ಕುಟುಂಬದ ಚಿಪ್. ಒಂದಕ್ಕೆ ಬೇಕಾದುದು ‘ವಿಐಎ-ರೈನ್’ ಡ್ರೈವರು, ಇನ್ನೊಂದಕ್ಕೆ ‘8139ಟೂ’. ಒಂದು ಕೂಡು ಗುರುತನ್ನು ಗಮನಿಸದ ಖರೀದಿದಾರನು ದಿನವಿಡೀ ತಪ್ಪು ದುಭಾಷಿಯನ್ನು ಕಾರ್ಡಿನ ಮುಂದೆ ನಿಲ್ಲಿಸಿ ಹೆಣಗಬಹುದು.

ಅದೃಷ್ಟವಶಾತ್ ಪಿಸಿಐ ಕಾರ್ಡುಗಳು ತಮ್ಮ ಕುಲಗೋತ್ರವನ್ನು ತಾವೇ ಹೇಳಿಕೊಳ್ಳುತ್ತವೆ. ಪ್ರತಿಯೊಂದು ಕಾರ್ಡಿನಲ್ಲಿಯೂ ತಯಾರಕನದೊಂದು, ಮಾದರಿಯದೊಂದು ಹೀಗೆ 16 ಬಿಟ್‌ಗಳ ಎರಡು ಸಂಖ್ಯೆಗಳಿವೆ. ಲಿನಕ್ಸಿನಲ್ಲಿ ಎಲ್‌ಎಸ್‌ಪಿಸಿಐ ಎಂಬ ಆಜ್ಞೆಗೆ ಎನ್ ಎನ್ ಕೆ ಎಂಬ ಮೂರಕ್ಷರಗಳ ಸೂಚನೆಯನ್ನು ಸೇರಿಸಿ ಕೊಟ್ಟರೆ ಈ ಎರಡು ಸಂಖ್ಯೆಗಳೂ, ಅವುಗಳಿಗೆ ಯಾವ ಡ್ರೈವರು ಜೊತೆಗೂಡಿದೆಯೆಂಬುದೂ ಒಟ್ಟಿಗೆ ಕಾಣಿಸುತ್ತವೆ. 10ಇಸಿ:8139 ಎಂದಿದ್ದರೆ ಅದು ರಿಯಲ್‌ಟೆಕ್ 8139, 1106ರಿಂದ ಮೊದಲಾದರೆ ವಿಐಎ, 8086ರಿಂದ ಮೊದಲಾದರೆ ಇಂಟೆಲ್, 10ಬಿ7ರಿಂದ ಮೊದಲಾದರೆ ತ್ರೀಕಾಮ್. (ಇಂಟೆಲಿನವರು ತಮ್ಮ ಹಳೆಯ ಸಂಸ್ಕಾರಕದ ಸಂಖ್ಯೆಯನ್ನೇ ಗುರುತಾಗಿ ಪಡೆದುಕೊಂಡಿರುವುದನ್ನು ವಿದ್ಯಾರ್ಥಿಗಳು ನಗುತ್ತ ನೆನಪಿಡುತ್ತಾರೆ.) ಪ್ರತಿಯೊಂದು ಡ್ರೈವರೂ ತಾನು ಬಲ್ಲ ಸಂಖ್ಯೆಗಳ ಪಟ್ಟಿಯನ್ನು ತನ್ನೊಳಗೆ ಇಟ್ಟುಕೊಂಡಿರುತ್ತದೆ. ಯಂತ್ರವು ಹೊತ್ತಿಕೊಂಡಾಗ ಕಂಡ ಸಂಖ್ಯೆಯನ್ನು ಈ ಪಟ್ಟಿಗಳೊಡನೆ ತಾಳೆ ನೋಡಿ, ತಕ್ಕ ಡ್ರೈವರನ್ನು ಮಾಡ್‌ಪ್ರೋಬ್ ಎಂಬ ಆಜ್ಞೆಯು ಕರ್ನೆಲ್ಲಿಗೆ ಸೇರಿಸುತ್ತದೆ. ಇದಿಷ್ಟೂ ತಾನಾಗಿಯೇ ನಡೆಯುವ ಕೆಲಸ.

8139ರ ವಿಚಾರದಲ್ಲಿ ಒಂದು ತೊಡಕಿದೆ. ಒಂದೇ ಸಂಖ್ಯೆಯನ್ನು ಹೊತ್ತ ಎರಡು ಬಗೆಯ ಚಿಪ್‌ಗಳು ಪೇಟೆಗೆ ಬಂದವು. ಹಳೆಯದಕ್ಕೆ ‘8139ಟೂ’, ಸಿ-ಪ್ಲಸ್ ಎಂಬ ಪರಿಷ್ಕೃತ ಚಿಪ್ಪಿಗೆ ‘8139ಸಿಪಿ’ ಎಂಬ ಡ್ರೈವರು ಬೇಕು. ಕರ್ನೆಲ್ಲು ಎರಡನ್ನೂ ಕರೆಯುತ್ತದೆ. ಅವು ಕಾರ್ಡಿನ ಪರಿಷ್ಕರಣ ಸಂಖ್ಯೆಯನ್ನು ಓದಿ, ತನ್ನದಲ್ಲವೆಂದು ಕಂಡದ್ದು ಹಿಂದೆ ಸರಿಯುತ್ತದೆ. ಹಿಂದೆ ಸರಿಯುವಾಗ ‘ಇದು ನನಗೆ ಹೊಂದುವ ಚಿಪ್ ಅಲ್ಲ, ಇನ್ನೊಂದನ್ನು ಬಳಸಿರಿ’ ಎಂಬರ್ಥದ ಸಾಲೊಂದನ್ನು ದಾಖಲೆಯಲ್ಲಿ ಬರೆದಿಡುತ್ತದೆ. ಡಿಮೆಸ್ಗ್ ಆಜ್ಞೆಯಿಂದ ಈ ದಾಖಲೆಯನ್ನು ಓದಿದ ವಿದ್ಯಾರ್ಥಿಗಳು ಆ ಸಾಲನ್ನು ಕಂಡು ಕಾರ್ಡೇ ಕೆಟ್ಟಿದೆಯೆಂದು ತೀರ್ಮಾನಿಸಿದ್ದುಂಟು. ಅದು ದೋಷದ ವರದಿಯಲ್ಲ, ಶಿಷ್ಟಾಚಾರದ ಮಾತು. ಈ ಚಿಪ್ ಅಗ್ಗದ್ದೆಂಬುದರಲ್ಲಿ ಸಂದೇಹವಿಲ್ಲ. ಬರುವ ಹೋಗುವ ಪ್ರತಿಯೊಂದು ಕಟ್ಟನ್ನೂ ಸಂಸ್ಕಾರಕವೇ ಒಂದೆಡೆಯಿಂದ ಇನ್ನೊಂದೆಡೆಗೆ ನಕಲಿಸಬೇಕಾಗುತ್ತದೆ. ಫ್ರೀಬಿಎಸ್‌ಡಿ ವ್ಯವಸ್ಥೆಗಾಗಿ ಇದರ ಡ್ರೈವರನ್ನು ಬರೆದ ಬಿಲ್ ಪಾಲ್ ಅವರು ಆಕರಸಂಕೇತದ ಟಿಪ್ಪಣಿಯಲ್ಲಿಯೇ ಇದನ್ನು ಹಳಿದಿರುವುದು ಪ್ರಸಿದ್ಧವಾಗಿದೆ. ಹೀಗಿದ್ದರೂ ಪಾಠಗಳನ್ನು ಓದಲು, ಪ್ರೋಗ್ರಾಮುಗಳನ್ನು ಬರೆದು ಕಳಿಸಲು ಇದು ಧಾರಾಳವಾಗಿ ಸಾಕು. ವೇಗದ ಗೀಳಿನಿಂದ ಇಂಥ ಕಾರ್ಡನ್ನು ಎಸೆಯುವುದನ್ನು ನಾವು ಒಪ್ಪುವುದಿಲ್ಲ.

ಎಲ್‌ಎಸ್‌ಪಿಸಿಐ ಪಟ್ಟಿಯಲ್ಲಿ ಕಾರ್ಡು ಕಾಣಿಸದೇ ಹೋದರೆ ತಂತ್ರಾಂಶವನ್ನು ಮುಟ್ಟುವುದರಿಂದ ಪ್ರಯೋಜನವಿಲ್ಲ. ಕಾರ್ಡನ್ನು ಕಿತ್ತು, ಅದರ ಅಂಚಿನ ಹೊಂಬಣ್ಣದ ಪಟ್ಟಿಗಳನ್ನು ಪೆನ್ಸಿಲು ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಧೂಳು ಒರೆಸಿ, ಬೇರೊಂದು ಕಿಂಡಿಗೆ ಸಿಕ್ಕಿಸಿ ನೋಡಬೇಕು. ರಿಪೇರಿ ಅಂಗಡಿಯವರು ಎಂದಿನಿಂದಲೂ ಮಾಡಿಕೊಂಡು ಬಂದಿರುವ ಈ ಚಿಕಿತ್ಸೆಯು ವಿದ್ಯಾವಂತರ ಎಷ್ಟೋ ಆಜ್ಞೆಗಳಿಗಿಂತ ಫಲಕಾರಿ. ಪಟ್ಟಿಯಲ್ಲಿ ಕಾಣಿಸಿಯೂ ದೀಪ ಹೊತ್ತದಿದ್ದರೆ ತಂತಿಯನ್ನೂ ಅದರ ತುದಿಯ ಕೊಂಡಿಯನ್ನೂ ಸಂಶಯಿಸಬೇಕು. ಮುಂಗಾರಿಗೆ ಮುಂಚಿನ ಗುಡುಗು ಸಿಡಿಲಿನ ದಿನಗಳಲ್ಲಿ, ಒಂದು ಕಟ್ಟಡದಿಂದ ಇನ್ನೊಂದಕ್ಕೆ ಬಯಲಿನಲ್ಲಿ ಎಳೆದ ತಂತಿಗೆ ತಗುಲಿಸಿದ ಕಾರ್ಡು ನಿಜವಾಗಿಯೇ ಸುಟ್ಟಿರುವ ಸಂಭವವುಂಟು. ಅದಕ್ಕೆ ಮಾತ್ರ ಯಾವ ಡ್ರೈವರಿನಿಂದಲೂ ಪರಿಹಾರವಿಲ್ಲ.

ಹಳೆಯ ಕೈಪಿಡಿಗಳನ್ನು ಹಿಡಿದು ಕೆಲಸ ಮಾಡುವವರಿಗೆ ಒಂದು ಎಚ್ಚರಿಕೆ. ಅವುಗಳಲ್ಲಿ ಮೊದಲ ಕಾರ್ಡಿನ ಹೆಸರು ‘ಈಥ್0’ ಎಂದಿರುತ್ತದೆ. 2013ರಿಂದೀಚೆಗೆ ಅನೇಕ ವಿತರಣೆಗಳಲ್ಲಿ ಕಾರ್ಡು ಸಿಕ್ಕಿಸಿದ ಸ್ಥಾನವನ್ನು ಅನುಸರಿಸಿ ‘ಇಎನ್‌ಪಿ2ಎಸ್0’ ಎಂಬಂಥ ಹೆಸರನ್ನಿಡುವ ಪದ್ಧತಿ ಬಂದಿದೆ. ‘ಈಥ್0’ ಕಾಣಿಸದೆಂದು ಕಾರ್ಡನ್ನು ದೂರಬಾರದು.

ದೀಪ ಹೊತ್ತಿದೆ, ವಿಳಾಸ ದೊರೆತಿದೆ, ಪಿಂಗ್ ಕಳಿಸಿದರೆ ಉತ್ತರ ಬರುತ್ತದೆ. ಆದರೆ ದೊಡ್ಡ ಕಡತವೊಂದನ್ನು ತರಿಸಹೊರಟರೆ ಬಸವನಹುಳುವಿನ ನಡಿಗೆ. ಈ ರೋಗಲಕ್ಷಣವನ್ನು ನಾವು ವಿಶೇಷವಾಗಿ ಅಭ್ಯಾಸ ಮಾಡಿದೆವು, ಏಕೆಂದರೆ ಕಾರ್ಡಿನ ಮೇಲೆ ವೃಥಾ ಅಪವಾದ ಬರುವುದು ಹೆಚ್ಚಾಗಿ ಇಲ್ಲಿಯೇ. ಹಳೆಯ ಈಥರ್‌ನೆಟ್ಟಿನಲ್ಲಿ ಒಮ್ಮೆಗೆ ಒಬ್ಬರು ಮಾತ್ರ ಮಾತನಾಡಬೇಕು, ಇದು ಅರ್ಧದ್ವಿಮುಖ. ಮುಂದೆ ಎರಡೂ ಕಡೆಯವರು ಏಕಕಾಲದಲ್ಲಿ ಮಾತನಾಡಬಲ್ಲ ಪೂರ್ಣದ್ವಿಮುಖ ಪದ್ಧತಿ ಬಂದಿತು. ಕಾರ್ಡೂ ಸ್ವಿಚ್ಚೂ ಪರಸ್ಪರ ವಿಚಾರಿಸಿಕೊಂಡು ಒಂದು ಪದ್ಧತಿಗೆ ಒಪ್ಪುವುದು ನಿಯಮ. ಯಾರಾದರೂ ಒಂದು ಕಡೆಯನ್ನು ಮಾತ್ರ ಬಲವಂತವಾಗಿ ಪೂರ್ಣದ್ವಿಮುಖಕ್ಕೆ ಕಟ್ಟಿಹಾಕಿದರೆ, ಆ ಕಡೆಯು ವಿಚಾರಣೆಗೆ ಉತ್ತರ ಕೊಡುವುದನ್ನು ನಿಲ್ಲಿಸುತ್ತದೆ. ಉತ್ತರ ಬಾರದಿದ್ದಾಗ ಇನ್ನೊಂದು ಕಡೆಯು ಮಾನಕದ ವಿಧಿಯಂತೆ ಅರ್ಧದ್ವಿಮುಖವನ್ನು ಹಿಡಿಯುತ್ತದೆ. ಒಬ್ಬರು ಸರದಿಗಾಗಿ ಕಾಯುತ್ತಾರೆ, ಇನ್ನೊಬ್ಬರು ಎಡೆಬಿಡದೆ ಮಾತನಾಡುತ್ತಾರೆ. ಸಣ್ಣ ಮಾತು ಹೇಗೋ ದಾಟುತ್ತದೆ, ದೊಡ್ಡದು ಸಂಘಟ್ಟನೆಗಳಲ್ಲಿ ಚೂರಾಗುತ್ತದೆ. ಈಥ್‌ಟೂಲ್ ಎಂಬ ಆಜ್ಞೆಯಿಂದ ಕಾರ್ಡಿನ ಸ್ಥಿತಿಯನ್ನು ನೋಡಿ, ಎರಡೂ ಕಡೆಗಳನ್ನು ಸ್ವಯಂವಿಚಾರಣೆಗೆ ಬಿಟ್ಟುಕೊಟ್ಟರೆ ರೋಗವು ಅಲ್ಲಿಗೇ ಪರಿಹಾರವಾಗುತ್ತದೆ.

ಇದಕ್ಕಿಂತಲೂ ವಿಚಿತ್ರವಾದುದು ಬ್ಯಾಟರಿಯ ಪ್ರಕರಣ. ಹಳೆಯ ಯಂತ್ರಗಳ ಮದರ್‌ಬೋರ್ಡಿನ ಮೇಲೆ ನಾಣ್ಯದಾಕಾರದ ಒಂದು ಬ್ಯಾಟರಿ ಇರುತ್ತದೆ. ಅದು ತೀರಿಹೋದರೆ ಯಂತ್ರದ ಗಡಿಯಾರವು ಪ್ರತಿ ಸಲವೂ ಎಷ್ಟೋ ವರ್ಷ ಹಿಂದಕ್ಕೆ ಹೋಗಿ ನಿಲ್ಲುತ್ತದೆ. ಇಂದಿನ ಸುರಕ್ಷಿತ ತಾಣಗಳು ತಮ್ಮ ಗುರುತಿನ ಪ್ರಮಾಣಪತ್ರವನ್ನು ತೋರಿಸುತ್ತವೆ, ಅದಕ್ಕೆ ಆರಂಭದ ತಾರೀಖು, ಮುಗಿಯುವ ತಾರೀಖು ಇವೆ. ಯಂತ್ರದ ಲೆಕ್ಕದಲ್ಲಿ ಆ ಪತ್ರವು ಇನ್ನೂ ಹುಟ್ಟಿಯೇ ಇಲ್ಲವಾದುದರಿಂದ ಬ್ರೌಸರು ಯಾವ ತಾಣವನ್ನೂ ತೆರೆಯಗೊಡುವುದಿಲ್ಲ. ನೋಡುವವರು ‘ನೆಟ್ ಬರುವುದಿಲ್ಲ’ ಎನ್ನುತ್ತಾರೆ. ಕಾರ್ಡು ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿರುತ್ತದೆ. ಬಟ್ಟೆ ಹೊದಿಸಿದ ಯಂತ್ರಗಳನ್ನು ಮೊದಲು ಈ ದೃಷ್ಟಿಯಿಂದ ಪರೀಕ್ಷಿಸಬೇಕೆಂದು ನಮ್ಮ ಸಲಹೆ.

ಹುಮನಾಬಾದಿನಲ್ಲಿ ನಾವು ಎದುರಿಸಿದ ಪ್ರಶ್ನೆ ಬೇರೆ ಜಾತಿಯದು. ಅಲ್ಲಿ ದಾನವಾಗಿ ಬಂದ ಹಳೆಯ ಲ್ಯಾಪ್‌ಟಾಪುಗಳಲ್ಲಿ ಬ್ರಾಡ್‌ಕಾಮ್ ಸಂಸ್ಥೆಯ 43 ಸರಣಿಯ ನಿಸ್ತಂತು ಕಾರ್ಡುಗಳಿದ್ದವು. ಡ್ರೈವರು ಇತ್ತು, ಕಾರ್ಡನ್ನು ಗುರುತಿಸಿಯೂ ಇತ್ತು, ಆದರೂ ಜಾಲವಿಲ್ಲ. ಕಾರಣವೇನೆಂದರೆ ಈ ಬಗೆಯ ಕಾರ್ಡಿನಲ್ಲಿ ಅದರದೇ ಆದ ಚಿಕ್ಕ ಸಂಸ್ಕಾರಕವಿದೆ. ಅದು ನಡೆಸಬೇಕಾದ ಆದೇಶಗಳು, ಅಂದರೆ ಫರ್ಮ್‌ವೇರ್, ಕಾರ್ಡಿನಲ್ಲಿ ಶಾಶ್ವತವಾಗಿ ಇರುವುದಿಲ್ಲ. ಪ್ರತಿ ಸಲ ಯಂತ್ರ ಹೊತ್ತಿದಾಗಲೂ ಡ್ರೈವರು ಅವನ್ನು ಒಂದು ಕಡತದಿಂದ ಓದಿ ಕಾರ್ಡಿಗೆ ತುಂಬಬೇಕು. ಆ ಕಡತವು ತಯಾರಕನ ಸ್ವತ್ತು. ಅದರ ಆಕರಸಂಕೇತವನ್ನು ಅವನು ಪ್ರಕಟಿಸಿಲ್ಲ, ಕಡತವನ್ನು ಇತರರು ಹಂಚುವುದಕ್ಕೂ ಅನುಮತಿಯಿಲ್ಲ.

ಮುಕ್ತ ತಂತ್ರಾಂಶದ ಆಶ್ವಾಸನೆಯು ಎಲ್ಲಿ ನಿಲ್ಲುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವನ್ನು ನಾವು ಕಾಣೆವು. ಈ ಕಾರ್ಡಿನ ಡ್ರೈವರನ್ನು ಸ್ವಯಂಸೇವಕರು ತಯಾರಕನ ನೆರವಿಲ್ಲದೆ ಕಟ್ಟಿದರು. ಒಂದು ತಂಡದವರು ತಯಾರಕನ ತಂತ್ರಾಂಶವನ್ನು ಬಿಡಿಸಿ ನೋಡಿ ಕಾರ್ಡಿನ ನಡವಳಿಕೆಯನ್ನು ವಿವರಣೆಯಾಗಿ ಬರೆದರು. ಮೂಲವನ್ನು ಕಣ್ಣಿಂದಲೂ ನೋಡದ ಇನ್ನೊಂದು ತಂಡದವರು ಆ ವಿವರಣೆಯಿಂದಲೇ ಹೊಸ ಡ್ರೈವರನ್ನು ರಚಿಸಿದರು. ಅದು 2006ರಲ್ಲಿ ಕರ್ನೆಲ್ಲನ್ನು ಸೇರಿತು, 2008ರಲ್ಲಿ ‘ಬಿ43’ ಎಂಬ ರೂಪ ತಾಳಿತು. ಇಷ್ಟೆಲ್ಲ ಶ್ರಮಿಸಿದರೂ ಫರ್ಮ್‌ವೇರಿನ ಬೀಗ ಉಳಿಯಿತು. ಇಟಲಿಯ ಬ್ರೆಶಿಯಾ ವಿಶ್ವವಿದ್ಯಾಲಯದವರು ಈ ಸರಣಿಯ ಕೆಲವು ಚಿಪ್‌ಗಳಿಗೆ ಮುಕ್ತ ಫರ್ಮ್‌ವೇರನ್ನು ಬರೆದು ತೋರಿಸಿದ್ದಾರೆ. ವಿಶ್ವವಿದ್ಯಾಲಯದ ವಿಭಾಗವೊಂದು ಕೈಹಿಡಿಯಬಹುದಾದ ಕೆಲಸವೆಂದರೆ ಇದು. ಇದಕ್ಕೆ ವಿರುದ್ಧವಾಗಿ ಆಥೆರಾಸ್ ಸಂಸ್ಥೆಯ ಅದೇ ಕಾಲದ ಕಾರ್ಡುಗಳಿಗೆ 2008ರಲ್ಲಿ ಕರ್ನೆಲ್ಲನ್ನು ಸೇರಿದ ‘ಎಟಿಎಚ್5ಕೆ’ ಡ್ರೈವರು ಯಾವ ಫರ್ಮ್‌ವೇರನ್ನೂ ಬೇಡುವುದಿಲ್ಲ. ಹಳೆಯ ನಿಸ್ತಂತು ಕಾರ್ಡನ್ನು ಕೊಳ್ಳಬೇಕಾದವರು ಇದನ್ನು ನೆನಪಿನಲ್ಲಿಡತಕ್ಕದ್ದು.

ಡೆಬಿಯನ್ ವಿತರಣೆಯವರು 2011ರ ಆವೃತ್ತಿಯಲ್ಲಿ ಮುಕ್ತವಲ್ಲದ ಫರ್ಮ್‌ವೇರನ್ನು ಕರ್ನೆಲ್ಲಿನಿಂದ ಹೊರಗಿಟ್ಟರು. 2022ರಲ್ಲಿ ಸದಸ್ಯರ ಮತದಾನದ ಮೂಲಕ ಮನಸ್ಸು ಬದಲಿಸಿ, 2023ರ ಡೆಬಿಯನ್ 12ರಿಂದ ಸ್ಥಾಪನ ಮಾಧ್ಯಮದಲ್ಲಿಯೇ ಅದನ್ನು ಸೇರಿಸತೊಡಗಿದರು. ಇದರಿಂದ ಅನೇಕ ಕಾರ್ಡುಗಳ ಕಷ್ಟ ನೀಗಿತು. ಆದರೆ ಹಂಚಲು ಅನುಮತಿಯೇ ಇಲ್ಲದ ಬ್ರಾಡ್‌ಕಾಮ್ ಕಡತವು ಈ ಏರ್ಪಾಡಿನೊಳಗೂ ಬರಲಿಲ್ಲ. ಅದಕ್ಕಾಗಿ ಡೆಬಿಯನ್ನಿನವರು ಇಟ್ಟಿರುವ ಪೊಟ್ಟಣವು ಕಡತವನ್ನು ಒಳಗೊಂಡಿಲ್ಲ. ಸ್ಥಾಪಿಸುವ ವೇಳೆಗೆ ಇಂಟರ್‌ನೆಟ್ಟಿನಿಂದ ತಯಾರಕನ ಮೂಲವನ್ನು ತರಿಸಿ, ಅದರಿಂದ ಬೇಕಾದ ಭಾಗವನ್ನು ಕತ್ತರಿಸಿ ತೆಗೆಯುತ್ತದೆ. ಜಾಲ ಬೇಕಾದರೆ ಕಡತ ಬೇಕು, ಕಡತ ಬೇಕಾದರೆ ಜಾಲ ಬೇಕು. ಹುಚ್ಚು ಬಿಡುವ ತನಕ ಮದುವೆಯಾಗದು, ಮದುವೆಯಾಗುವ ತನಕ ಹುಚ್ಚು ಬಿಡದು ಎಂಬ ಗಾದೆಯನ್ನು ಯಾರೋ ಈ ಕಾರ್ಡನ್ನು ನೋಡಿಯೇ ಕಟ್ಟಿದಂತಿದೆ.

ಹೊರದಾರಿಗಳು ಇಲ್ಲದಿಲ್ಲ. ಬಸವಕಲ್ಯಾಣದ ಪ್ರಯೋಗಶಾಲೆಯ ಯಂತ್ರದಲ್ಲಿ ಕಡತವನ್ನು ಸಿದ್ಧಪಡಿಸಿ, ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡು, ಸಸ್ತಾಪುರ ಬಂಗ್ಲಾದ ಮೂಲಕ ಹೆದ್ದಾರಿ ಹಿಡಿದು ಬಸ್ಸಿನಲ್ಲಿ ಹುಮನಾಬಾದಿಗೆ ಕೊಂಡೊಯ್ಯುವುದು ಒಂದು. ಲ್ಯಾಪ್‌ಟಾಪಿನ ಪಕ್ಕದಲ್ಲಿರುವ ತಂತಿಯ ಕಿಂಡಿಯನ್ನು ಒಮ್ಮೆ ಬಳಸುವುದು ಇನ್ನೊಂದು. ಅದೇ ಬ್ರಾಡ್‌ಕಾಮಿನ 4401 ತಂತಿ ಕಾರ್ಡಾಗಿದ್ದರೆ ‘ಬಿ44’ ಡ್ರೈವರು ಯಾವ ಫರ್ಮ್‌ವೇರೂ ಇಲ್ಲದೆ ಅದನ್ನು ನಡೆಸುತ್ತದೆಂಬುದು ಗಮನಾರ್ಹ. ತಂತಿಯೂ ಇಲ್ಲದ ಕೊಠಡಿಯಲ್ಲಿ ವಿದ್ಯಾರ್ಥಿಯೊಬ್ಬನ ಮೊಬೈಲ್ ಫೋನನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ ಅದರ ಸಂಪರ್ಕವನ್ನು ಹಂಚಿಕೊಳ್ಳಬಹುದು. ಲಿನಕ್ಸ್ ಅದನ್ನು ಸಾಮಾನ್ಯವಾಗಿ ಮತ್ತೊಂದು ಈಥರ್‌ನೆಟ್ ಕಾರ್ಡಿನಂತೆಯೇ ಕಾಣುತ್ತದೆ. ಎಲ್ಲಕ್ಕಿಂತ ಸುಲಭವಾದುದು ಈ ಮೂರನೆಯ ಮಾರ್ಗವೇ. ಬಸ್ಸಿನ ಮಾರ್ಗವು ಒಂದೇ ಬಗೆಯ ಯಂತ್ರಗಳು ಹಲವಿದ್ದಾಗ ಉತ್ತಮ, ಏಕೆಂದರೆ ಒಮ್ಮೆ ತಂದ ಕಡತವನ್ನು ಎಲ್ಲಕ್ಕೂ ನಕಲಿಸಬಹುದು.

ನಿಸ್ತಂತು ಕಾರ್ಡು ಎಚ್ಚೆತ್ತ ಮೇಲೂ ಒಂದು ಅಡ್ಡಿ ಉಳಿಯಬಹುದು. ಬಹಳ ಹಳೆಯ ಕಾರ್ಡುಗಳು ವೆಪ್ ಎಂಬ ಹಳೆಯ ಗೂಢಲಿಪಿಯನ್ನು ಮಾತ್ರ ಬಲ್ಲವು. ಇಂದಿನ ರೌಟರುಗಳು ಡಬ್ಲ್ಯುಪಿಎ2 ಅಥವಾ ಅದರ ಮುಂದಿನದನ್ನು ಕೇಳುತ್ತವೆ. ಒಂದು ಕಾರ್ಡಿನ ಸಲುವಾಗಿ ಕಾಲೇಜಿನ ರೌಟರನ್ನೇ ವೆಪ್‌ಗೆ ಇಳಿಸುವುದು ಸರ್ವಥಾ ಕೂಡದು. ಆ ಲಿಪಿಯನ್ನು ಕೆಲವೇ ನಿಮಿಷಗಳಲ್ಲಿ ಒಡೆಯಬಹುದಾಗಿದೆ.

ಪಿಸಿಐಗಿಂತ ಹಿಂದಿನ ಐಎಸ್‌ಎ ಕಾರ್ಡುಗಳನ್ನು ಕುರಿತು ಎರಡು ಮಾತು. ನಾವೆಲ್ ಸಂಸ್ಥೆಯ ಎನ್‌ಇ2000 ಮಾದರಿಯನ್ನು ಅಸಂಖ್ಯ ತಯಾರಕರು ಅನುಕರಿಸಿದರು. ಈ ಕಾರ್ಡುಗಳು ತಮ್ಮ ಗುರುತನ್ನು ಹೇಳಿಕೊಳ್ಳಲಾರವು. ಬಾಗಿಲಿನ ಸಂಖ್ಯೆ 300 ಎಂದು ನಾವೇ ಡ್ರೈವರಿಗೆ ತಿಳಿಸಬೇಕು, ಇಲ್ಲವಾದರೆ ಅದು ಕುರುಡಾಗಿ ತಡವರಿಸಿ ಬೇರೊಂದು ಸಾಧನವನ್ನು ಕೆಡಿಸೀತು. ನಿಜವಾದ ಎನ್‌ಇ2000 ತನ್ನ ವಿಳಾಸದ ಸ್ಮೃತಿಯಲ್ಲಿ 57 ಎಂಬ ಅಂಕಿಯನ್ನು ಎರಡು ಸಲ ಮುದ್ರೆಯಾಗಿ ಹೊತ್ತಿರುತ್ತದೆ. ಡ್ರೈವರು ಅದನ್ನು ನೋಡಿ ನಂಬುತ್ತದೆ. ಮುದ್ರೆಯಿಲ್ಲದ ಕೀಳು ಅನುಕರಣಗಳಿಗೆ ಬೇರೆ ಸೂಚನೆ ಕೊಡಬೇಕು. ಹದಿನಾರರ ಎಣಿಕೆಯ ಅಂಕಿಗಳಾದ ಬಿ, ಎ, ಡಿಗಳನ್ನು ಸಾಲಾಗಿ ಬರೆದರೆ ‘ಕೆಟ್ಟದ್ದು’ ಎಂಬ ಇಂಗ್ಲಿಷ್ ಪದವಾಗುತ್ತದೆ. ಆ ಸೂಚನೆ ಅದೇ! ಇಂಥ ಕಾರ್ಡನ್ನು ದಿನಬಳಕೆಗೆ ಎಬ್ಬಿಸುವ ಶ್ರಮ ಈಗ ಲಾಭಕರವಲ್ಲ. ಕಾರ್ಡೊಂದನ್ನು ಬಿಚ್ಚಿ ಮೇಜಿನ ಮೇಲಿಟ್ಟು ಪಾಠ ಹೇಳಲು ಮಾತ್ರ ಅದಕ್ಕಿಂತ ಸ್ಪಷ್ಟವಾದ ವಸ್ತು ಸಿಗಲಾರದು.

ಕಾರ್ಡು ಬದುಕಿದ್ದರೂ ಯಂತ್ರವೇ ಹಿಂದೆ ಉಳಿಯುವ ಕಾಲ ಬಂದಿದೆ. 2025ರ ಆಗಸ್ಟಿನಲ್ಲಿ ಹೊರಬಂದ ಡೆಬಿಯನ್ 13ರಲ್ಲಿ 32 ಬಿಟ್‌ಗಳ ಹಳೆಯ ಇಂಟೆಲ್ ಮಾದರಿಯ ಯಂತ್ರಗಳಿಗೆ ಕರ್ನೆಲ್ಲನ್ನಾಗಲಿ ಸ್ಥಾಪಕವನ್ನಾಗಲಿ ಒದಗಿಸಿಲ್ಲ. ಆದುದರಿಂದ ಕಾರ್ಡನ್ನು ಪರೀಕ್ಷಿಸುವ ಮುನ್ನ ಸಂಸ್ಕಾರಕವು 64 ಬಿಟ್‌ಗಳದೋ ಅಲ್ಲವೋ ಎಂಬುದನ್ನು ನೋಡಿಕೊಳ್ಳಬೇಕು. ಅಲ್ಲದಿದ್ದರೆ ಹಳೆಯ ಆವೃತ್ತಿಯ ಮೇಲೆಯೇ ನಿಲ್ಲಬೇಕು, ಅಂಥ ಯಂತ್ರವನ್ನು ಕಾಲೇಜಿನ ಒಳಜಾಲಕ್ಕೆ ಮಾತ್ರ ಸೇರಿಸುವುದು ಕ್ಷೇಮ. ಪಿಸಿಐ ಕಾರ್ಡನ್ನಾದರೂ ಕಿತ್ತು, ಅದಕ್ಕೆ ಕಿಂಡಿಯಿರುವ ಇನ್ನೊಂದು ಯಂತ್ರಕ್ಕೆ ಹಾಕಬಹುದು.

ಬಸವಕಲ್ಯಾಣದಲ್ಲಿ ಪರೀಕ್ಷೆ ಮುಗಿದ ಪ್ರತಿಯೊಂದು ಯಂತ್ರದ ಕವಚದ ಒಳಬದಿಗೆ ನಾವು ಒಂದು ಚೀಟಿಯನ್ನು ಅಂಟಿಸಿದ್ದೇವೆ. ಕಾರ್ಡಿನ ಎರಡು ಸಂಖ್ಯೆಗಳು, ಪರಿಷ್ಕರಣ, ಡ್ರೈವರಿನ ಹೆಸರು, ಫರ್ಮ್‌ವೇರ್ ಬೇಕೋ ಬೇಡವೋ, ಬ್ಯಾಟರಿ ಬದಲಿಸಿದ ತಾರೀಖು, ಇಷ್ಟನ್ನು ಅದರಲ್ಲಿ ಕನ್ನಡದಲ್ಲಿ ಬರೆದಿದೆ. ಹುಮನಾಬಾದಿನ ಲ್ಯಾಪ್‌ಟಾಪುಗಳಿಗೆ ಚೀಟಿಯನ್ನು ತಳಭಾಗದಲ್ಲಿ ಅಂಟಿಸಬೇಕಾಯಿತು. ಅಲ್ಲಿ ಅದು ಬಿಸಿಗೆ ಬೇಗ ಕಿತ್ತುಬರುವುದರಿಂದ ಇನ್ನೊಂದು ಪ್ರತಿಯನ್ನು ಪ್ರಯೋಗಶಾಲೆಯ ದಾಸ್ತಾನು ಪುಸ್ತಕದಲ್ಲಿಯೂ ಬರೆದಿಡುವಂತೆ ಅಲ್ಲಿಯ ಅಧ್ಯಾಪಕರನ್ನು ಕೇಳಿಕೊಂಡಿದ್ದೇವೆ.